ಹೆಬ್ಬೆಟ್ಟು ಒತ್ತಿದರೆ ಹಾಜರಿ ಆಗುವುದಿಲ್ಲ



ನಮ್ಮ ತಾತಂದಿರು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ನಾವು ನಾಲ್ಕಕ್ಷರ ಕಲಿತು ರುಜು ಹಾಕುವವರಾದೆವು. ಸೊಸೈಟಿಯ ಕಾಗದಕ್ಕೂ ಬ್ಯಾಂಕಿನ ಕಾಗದಕ್ಕೂ ನೆಟ್ಟಗೆ ರುಜು ಹಾಕಿದೆವು, ಸಾಲ ಮಾತ್ರ ತೀರಲಿಲ್ಲ. ಈಗ ಕಾಲ ತಿರುಗಿ ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿದೆ. ಬೆಳಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬಂದವನು ಜಗಲಿ ಮೇಲೆ ಕೂತು ಮೊಬೈಲು ತೆಗೆಯುತ್ತಾನೆ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಬಂದಿರುತ್ತದೆ. ಹಸಿರು ಶಾಲು ಹಾಕಿದ ನಮ್ಮವರು ತಾಲ್ಲೂಕು ಕಚೇರಿ ಮೆಟ್ಟಿಲ ಮೇಲೆ ನಿಂತು ತಹಸೀಲ್ದಾರರಿಗೆ ಮನವಿ ಕೊಡುತ್ತಿದ್ದಾರೆ. ಅದರ ಕೆಳಗೆ ಎತ್ತಿದ ಹೆಬ್ಬೆರಳುಗಳ ಸಾಲು. ಅರವತ್ತು ಹೆಬ್ಬೆರಳು, ಇಪ್ಪತ್ತು ಮುಷ್ಟಿ, ಹತ್ತು ಜೋಡಿಸಿದ ಕೈ. ಮನವಿ ಕೊಡಲು ಹೋದವರು ಎಷ್ಟು ಮಂದಿ ಅಂತ ಫೋಟೊದಲ್ಲೇ ಎಣಿಸಿ ನೋಡಿ. ಆರು ಜನ.

ಇದು ಯಾವುದೋ ಒಂದು ಊರಿನ ಕಥೆ ಅಂತ ನಗಬೇಡಿ. ನಿಮ್ಮ ಫೋನನ್ನೇ ತೆಗೆದು ನೋಡಿ. ಮನವಿಯ ಗತಿ ಏನಾಯಿತು ಅಂತ ಆಮೇಲೆ ಯಾರಾದರೂ ಕೇಳಿದ್ದಾರೆಯೇ? ‘ಮೇಲಿನವರಿಗೆ ಕಳಿಸ್ತೀನಿ’ ಅಂದರು ಸಾಹೇಬರು, ಕಳಿಸಿಯೂ ಇರಬಹುದು. ಆದರೆ ಆ ಸಾಹೇಬರಿಗೂ ಎಣಿಕೆ ಬರುತ್ತದೆ ಸ್ವಾಮಿ. ಆರು ಜನ ಬಂದಿದ್ದರು, ಕಾಫಿ ಕುಡಿದು ಹೋದರು ಅಂತ ಅವರ ಮನಸ್ಸಿನಲ್ಲಿ ದಾಖಲಾಗುತ್ತದೆ. ಫೋನಿನಲ್ಲಿ ಬಿದ್ದ ಅರವತ್ತು ಹೆಬ್ಬೆರಳು ಸರ್ಕಾರದ ಯಾವ ಕಡತಕ್ಕೂ ಏರುವುದಿಲ್ಲ. ಆದರೆ ಹೆಬ್ಬೆರಳು ಎತ್ತಿದ ಅರವತ್ತು ಜನರ ಪೈಕಿ ಒಬ್ಬೊಬ್ಬನಿಗೂ ತಾನು ಚಳುವಳಿಯಲ್ಲಿ ಇದ್ದೆ ಎಂಬ ಸಮಾಧಾನ ಆಗಿರುತ್ತದೆ. ನನಗೆ ಚಿಂತೆ ಹತ್ತಿರುವುದು ಆ ಸಮಾಧಾನದ ಬಗ್ಗೆ.

ಫೋನು ಬೇಡ ಅನ್ನುವುದು ನನ್ನ ವಾದವಲ್ಲ. ಶಿವಮೊಗ್ಗದಲ್ಲಿ ಅಡಿಕೆ, ದಾವಣಗೆರೆಯಲ್ಲಿ ಮೆಕ್ಕೆಜೋಳ, ಕೋಲಾರದಲ್ಲಿ ಟೊಮೆಟೊ ಇವತ್ತು ಏನು ರೇಟಿಗೆ ಹೋಯಿತು ಎಂಬುದು ಹೊಲದ ಬದುವಿನಲ್ಲಿ ನಿಂತೇ ತಿಳಿಯುತ್ತದೆ. ಹಿಂದೆ ಇದನ್ನು ದಲ್ಲಾಳಿ ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಬಂದ್ ಇದೆ, ಧರಣಿ ಇದೆ ಅಂತ ಒಂದು ತಾಲ್ಲೂಕಿಗೆ ಸುದ್ದಿ ಮುಟ್ಟಿಸಲು ಸೈಕಲ್ ತುಳಿದು ವಾರ ಕಳೆಯುತ್ತಿದ್ದೆವು. ಈಗ ಒಂದು ನಿಮಿಷ. ಇದೆಲ್ಲ ಒಪ್ಪಿದೆ. ತೊಂದರೆ ಎಲ್ಲಿ ಅಂದರೆ, ನಾವು ಡಂಗುರದ ತಮಟೆಯನ್ನೇ ಸಭೆ ಅಂತ ತಿಳಿದುಕೊಂಡಿದ್ದೇವೆ. ತಮಟೆ ಬಾರಿಸಿದ ಮೇಲೆ ಜನ ಚಾವಡಿಗೆ ಬರಬೇಕಲ್ಲ. ಈಗ ತಮಟೆ ಕೇಳಿದವರೆಲ್ಲ ಮನೆಯೊಳಗಿನಿಂದಲೇ ‘ಕೇಳಿಸ್ತು’ ಅಂತ ಕೂಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಚಾವಡಿ ಖಾಲಿ ಬಿದ್ದಿರುತ್ತದೆ.

ಇದಕ್ಕೆ ಉತ್ತರವಾಗಿ ನಮ್ಮ ಹುಡುಗರು ತೋರಿಸುವುದು ದೆಹಲಿಯನ್ನು. ‘ದೆಹಲಿ ಚಳುವಳಿ ಗೆದ್ದದ್ದೇ ಫೋನಿನಿಂದ’ ಅನ್ನುತ್ತಾರೆ. ಹಾಗಾದರೆ ದೆಹಲಿಯನ್ನೇ ನೋಡೋಣ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೂರು ಸುಗ್ರೀವಾಜ್ಞೆ ತಂದಿತು, ಸೆಪ್ಟೆಂಬರ್‌ನಲ್ಲಿ ಅವನ್ನು ಕಾಯ್ದೆ ಮಾಡಿಕೊಂಡಿತು. ಪಂಜಾಬಿನ ರೈತರು ದೆಹಲಿ ಗಡಿಗೆ ಬಂದು ಕೂತದ್ದು ನವೆಂಬರ್ ಕೊನೆಗೆ. ಅದಕ್ಕೆ ಎರಡು ತಿಂಗಳ ಮುಂಚೆಯೇ ಅವರು ತಮ್ಮ ಊರುಗಳಲ್ಲಿ ರೈಲು ಹಳಿ ಮೇಲೆ ಕೂತಿದ್ದರು, ಟೋಲ್ ಗೇಟುಗಳಲ್ಲಿ ಕೂತಿದ್ದರು. ಅಲ್ಲಿಯ ಮೂವತ್ತರಷ್ಟು ಸಂಘಟನೆಗಳು ಒಂದಾಗಿದ್ದವು. ಹಳ್ಳಿಗೊಂದು ಘಟಕ, ಆ ಘಟಕಕ್ಕೆ ವಂತಿಗೆ, ಟ್ರಾಲಿ ಯಾರದು, ಗೋಧಿ ಹಿಟ್ಟು ಯಾರದು, ಊರಿನಲ್ಲಿ ಉಳಿದವರು ಯಾರ ಹೊಲಕ್ಕೆ ನೀರು ಹಾಯಿಸಬೇಕು ಎಂಬ ಲೆಕ್ಕ. ಗುರುದ್ವಾರದ ಧ್ವನಿವರ್ಧಕದಿಂದ ಊರಿಗೆಲ್ಲ ಕರೆ ಹೋಗುತ್ತಿತ್ತು. 2021ರ ಜನವರಿ 26ರ ಗಲಾಟೆಯಾದ ಮೇಲೆ ಜನ ಚದುರುತ್ತಾರೆ ಅಂತ ಸರ್ಕಾರ ಕಾದಿತ್ತು. ಆಗ ಬಠಿಂಡಾ ಜಿಲ್ಲೆಯ ವಿರ್ಕ್ ಖುರ್ದ್ ಎಂಬ ಗ್ರಾಮದ ಪಂಚಾಯಿತಿ ಮನೆಗೊಬ್ಬರು ಒಂದು ವಾರದ ಮಟ್ಟಿಗೆ ದೆಹಲಿಗೆ ಹೋಗಲೇಬೇಕು, ಹೋಗದ ಮನೆಗೆ 1,500 ರೂಪಾಯಿ ದಂಡ ಅಂತ ಠರಾವು ಮಾಡಿತು. ನಮ್ಮ ಊರಿನ ಹಬ್ಬದ ವಂತಿಗೆ, ಕೆರೆ ಹೂಳಿನ ಸರದಿ ಇದ್ದ ಹಾಗೆ. ದಂಡ ಹಾಕುವುದು ಸರಿಯೋ ತಪ್ಪೋ, ಅದನ್ನು ಬೇರೆ ಕೂತು ವಾದಿಸೋಣ. ಆದರೆ ಹೆಬ್ಬೆರಳು ಎತ್ತಿದವರಿಗೆ ಆ ದಂಡದಿಂದ ಮಾಫಿ ಇರಲಿಲ್ಲ ಎಂಬುದನ್ನು ಗಮನಿಸಿ.

ಫೋನು ಅಲ್ಲಿ ಕೆಲಸ ಮಾಡಲಿಲ್ಲವೇ? ಮಾಡಿತು, ಚೆನ್ನಾಗಿಯೇ ಮಾಡಿತು. ಟಿವಿಯವರು ಅವರನ್ನು ಖಾಲಿಸ್ತಾನಿಗಳು ಅಂತ ಕರೆದಾಗ ‘ಕಿಸಾನ್ ಏಕ್ತಾ ಮೋರ್ಚಾ’ ಹೆಸರಿನ ಖಾತೆಗಳಿಂದ ಹುಡುಗರು ದಿನದಿನದ ಸತ್ಯ ತೋರಿಸಿದರು. 2021ರ ಜನವರಿ 28ರ ಸಂಜೆ ಗಾಜಿಪುರದಲ್ಲಿ ರಾಕೇಶ್ ಟಿಕಾಯತ್ ಕಣ್ಣೀರು ಹಾಕಿದ್ದು ಫೋನಿನಲ್ಲಿ ಊರೂರಿಗೆ ಹೋಯಿತು, ರಾತ್ರೋರಾತ್ರಿ ಪಶ್ಚಿಮ ಉತ್ತರ ಪ್ರದೇಶದಿಂದ ಜನ ಹೊರಟರು. ಆದರೆ ಕಣ್ಣೀರಿನ ವಿಡಿಯೊ ದಿನಕ್ಕೆ ಹತ್ತು ಬರುತ್ತವೆ, ಅವಕ್ಕೆಲ್ಲ ಟ್ರಾಕ್ಟರ್ ಹೊರಡುವುದಿಲ್ಲ. ಅವರ ತಂದೆ ಮಹೇಂದ್ರ ಸಿಂಗ್ ಟಿಕಾಯತ್ 1988ರಲ್ಲಿ ದೆಹಲಿಯ ಬೋಟ್ ಕ್ಲಬ್ ಮೈದಾನದಲ್ಲಿ ಲಕ್ಷಾಂತರ ರೈತರನ್ನು ಕೂರಿಸಿದ್ದರು. ಆವತ್ತಿನಿಂದ ಕಟ್ಟಿದ ಊರು, ಕುಲ, ಪಂಚಾಯಿತಿಗಳ ನಂಟು ಅಲ್ಲಿತ್ತು. ಮಾರನೇ ದಿನವೇ ಮುಜಾಫರ್‌ನಗರದಲ್ಲಿ ಮಹಾಪಂಚಾಯಿತಿ ಸೇರಿತು. ಒಣಗಿದ ಹುಲ್ಲು ಮೊದಲೇ ಬಣವೆ ಹಾಕಿತ್ತು, ಫೋನು ಕಡ್ಡಿ ಗೀರಿತು. ಬಣವೆಯೇ ಇಲ್ಲದ ಕಡೆ ಕಡ್ಡಿ ಗೀರಿದರೆ ಬೆರಳು ಸುಡುತ್ತದೆ, ಅಷ್ಟೇ.

ಇನ್ನೊಂದು ಸಂಗತಿ ಇದೆ, ಇದನ್ನು ನಮ್ಮ ಸಂಘಟಕರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಆ ದಾರಿ ನಮ್ಮದಲ್ಲ. 2020ರ ಡಿಸೆಂಬರ್ 20ರಂದು ಕಿಸಾನ್ ಏಕ್ತಾ ಮೋರ್ಚಾದ ಪುಟವನ್ನು ಫೇಸ್‌ಬುಕ್ ತೆಗೆದುಹಾಕಿತು, ಗದ್ದಲವಾದ ಮೇಲೆ ಕೆಲವು ಗಂಟೆಗಳಲ್ಲಿ ವಾಪಸು ಹಾಕಿತು. 2021ರ ಜನವರಿ 29ರಿಂದ ಸಿಂಘು, ಟಿಕ್ರಿ, ಗಾಜಿಪುರ ಮೂರೂ ಕಡೆ ಸರ್ಕಾರ ಇಂಟರ್ನೆಟ್ ಕಿತ್ತಿತು. ಫೆಬ್ರವರಿ 1ರಂದು ಟ್ವಿಟರ್ ಕಂಪನಿ ಸರ್ಕಾರದ ಮಾತು ಕೇಳಿ 250ರಷ್ಟು ಖಾತೆಗಳನ್ನು ತಡೆಹಿಡಿದು, ಅದೇ ದಿನ ಬಿಟ್ಟಿತು. 2024ರ ಫೆಬ್ರವರಿಯಲ್ಲಿ ರೈತರು ಎರಡನೇ ಸಲ ದೆಹಲಿಗೆ ಹೊರಟಾಗಲೂ ಅದೇ ಕಂಪನಿ, ‘ಸರ್ಕಾರದ ಆದೇಶ ನಮಗೆ ಒಪ್ಪಿಗೆ ಇಲ್ಲ’ ಅನ್ನುತ್ತಲೇ ಖಾತೆಗಳನ್ನು ತಡೆಯಿತು. ಒಪ್ಪಿಗೆ ಇಲ್ಲ, ಆದರೂ ಮಾಡ್ತೀವಿ! ಇದು ಯಾವ ಸೀಮೆಯ ಸ್ನೇಹ? ಒಬ್ಬ ಹಾಡುಗಾರ್ತಿ ರಿಹಾನಾ ಅಮೆರಿಕದಿಂದ ಒಂದು ಸಾಲು ಬರೆದದ್ದಕ್ಕೆ ದೆಹಲಿಯ ವಿದೇಶಾಂಗ ಇಲಾಖೆ ಹೇಳಿಕೆ ಕೊಡಬೇಕಾಯಿತು, ನಿಜ. ಆದರೆ ಅದೇ ತಿಂಗಳು ರೈತರ ಬೆಂಬಲಕ್ಕೆ ಕಾಗದವೊಂದನ್ನು ಹಂಚಿದ ಕಾರಣಕ್ಕೆ ಬೆಂಗಳೂರಿನ ದಿಶಾ ರವಿ ಎಂಬ ಹುಡುಗಿಯನ್ನು ದೆಹಲಿ ಪೊಲೀಸರು ಮನೆಯಿಂದ ಎತ್ತಿಕೊಂಡು ಹೋದರು. ಹತ್ತು ದಿನಗಳ ಮೇಲೆ ನ್ಯಾಯಾಲಯ ಜಾಮೀನು ಕೊಟ್ಟಿತು.

ನೆಟ್ಟು ಕಿತ್ತರೂ ಚಳುವಳಿ ನಿಲ್ಲಲಿಲ್ಲ, ಯಾಕೆಂದರೆ ಮುಂದಿನ ವಾರ ಯಾವ ಊರಿನ ಸರದಿ ಎಂಬುದು ನೆಟ್ಟಿನಲ್ಲಿ ಇರಲಿಲ್ಲ, ಊರಿನಲ್ಲೇ ಇತ್ತು. ಅಷ್ಟೇ ಅಲ್ಲ, ಫೋನು ಕೈಯಲ್ಲಿ ಇದ್ದ ಹುಡುಗರೇ 2020ರ ಡಿಸೆಂಬರ್ 18ರಿಂದ ಪಂಜಾಬಿಯಲ್ಲೂ ಹಿಂದಿಯಲ್ಲೂ ‘ಟ್ರಾಲಿ ಟೈಮ್ಸ್’ ಅಂತ ಕಾಗದದ ಪತ್ರಿಕೆ ಅಚ್ಚು ಹಾಕಿ ಟ್ರಾಲಿಯಿಂದ ಟ್ರಾಲಿಗೆ ಹಂಚಿದರು. ಈ ಮಾಸಿಕವನ್ನು ಕಾಗದದ ಮೇಲೆ ಓದುತ್ತಿರುವ ನಿಮಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ದಾಟಿ ಕೂತರು, ಏಳುನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು ಎಂದು ಅಲ್ಲಿನ ಸಂಘಟನೆಗಳ ಲೆಕ್ಕ. 2021ರ ನವೆಂಬರ್ 19ರಂದು ಪ್ರಧಾನಿ ಕಾಯ್ದೆ ವಾಪಸು ಎಂದರು. ಇಷ್ಟನ್ನೆಲ್ಲ ಫೋನಿನ ಲೆಕ್ಕಕ್ಕೆ ಬರೆದುಬಿಟ್ಟರೆ ಸತ್ತವರ ಲೆಕ್ಕ ಯಾವ ಪುಟಕ್ಕೆ ಬರೆಯುತ್ತೀರಿ?

ನಮ್ಮ ನೆಲದ್ದೇ ಮಾತಾಡೋಣ. 1980ರ ಜುಲೈ 21ರಂದು ಮಲಪ್ರಭೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿತು. ಆ ಸುದ್ದಿ ಸಂತೆಯಲ್ಲಿ, ಬಸ್ಸಿನಲ್ಲಿ, ಎರಡು ದಿನ ತಡವಾಗಿ ಬರುವ ಪತ್ರಿಕೆಯಲ್ಲಿ ಹರಡಿತು. ತಡವಾಗಿ ಬಂದ ಸುದ್ದಿಗೆ ಇಡೀ ನಾಡು ಎದ್ದಿತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಸಂಘದ ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಊರ ಬಾಗಿಲಿಗೆ ಬೋರ್ಡು ಬಿತ್ತು. ನಾನಾಗ ಇನ್ನೂ ಶಾಲೆಗೆ ಹೋಗುವ ಹುಡುಗ. ಆ ಬೋರ್ಡು ತಗಡಿನದು, ಅಕ್ಷರವೂ ಸೊಟ್ಟಗಿತ್ತು. ಆದರೆ ಅದನ್ನು ಓದಿದ ಅಧಿಕಾರಿ ಜೀಪು ನಿಲ್ಲಿಸುತ್ತಿದ್ದ, ಯಾಕೆಂದರೆ ಬೋರ್ಡಿನ ಹಿಂದೆ ಊರಿತ್ತು. ಇವತ್ತು ಬಣ್ಣಬಣ್ಣದ ಬ್ಯಾನರು ದಿನಕ್ಕೆರಡು ಫೋನಿಗೆ ಬೀಳುತ್ತವೆ, ಅದರ ಹಿಂದೆ ಊರಿದೆಯೇ?

ಈಚಿನದೇ ಒಂದು ಸಂಗತಿ ಹೇಳುತ್ತೇನೆ. 2025ರ ಅಕ್ಟೋಬರ್ ಕೊನೆಯಿಂದ ಬೆಳಗಾವಿ ಜಿಲ್ಲೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ಅಲ್ಲಿಯ ಭಾಷಣ, ಅಲ್ಲಿಯ ಜನಸಾಗರ ಫೋನಿನಲ್ಲಿ ಹರಿದು ಮಠಾಧೀಶರು, ವಿದ್ಯಾರ್ಥಿಗಳು, ವಕೀಲರು ಎಲ್ಲರನ್ನೂ ಎಳೆದು ತಂದಿತು. ನವೆಂಬರ್ 7ರಂದು ಮುಖ್ಯಮಂತ್ರಿಗಳು ಕಾರ್ಖಾನೆಯವರನ್ನೂ ರೈತ ಮುಖಂಡರನ್ನೂ ಕೂರಿಸಿಕೊಂಡು 3,300 ರೂಪಾಯಿ ಅಂತ ತೀರ್ಮಾನ ಹೇಳಿದರು. ಇದು ಸಣ್ಣ ಗೆಲುವಲ್ಲ. ಜನ ಮೈಯೊಡ್ಡಿ ಕೂತದ್ದಕ್ಕೆ ಬಂದದ್ದು, ಫೋನು ಅವರಿಗೆ ಬೆನ್ನು ಕೊಟ್ಟಿತು. ಗೆದ್ದ ದಿನದ ಗುಲಾಲಿನ ವಿಡಿಯೊ ನನ್ನ ಫೋನಿಗೂ ಇಪ್ಪತ್ತು ಸಲ ಬಂತು.

ಆದರೆ ಕಬ್ಬು ಬೆಳೆಯುವವರಿಗೆ ಗೊತ್ತು, ಬೆಲೆ ಘೋಷಣೆ ಆಗುವುದು ಅರ್ಧ ಕೆಲಸ. ಇಳುವರಿ ಇಷ್ಟಿದ್ದರೆ ಇಷ್ಟು ಬೆಲೆ ಎಂಬ ಷರತ್ತು ಇರುತ್ತದೆ. ಆ ಇಳುವರಿ ಲೆಕ್ಕ ಹಾಕುವವರು ಕಾರ್ಖಾನೆಯವರೇ. ತೂಕದ ಕಾಟಾ ಅವರ ಅಂಗಳದಲ್ಲೇ ಇದೆ. ಕಟಾವು, ಸಾಗಾಣಿಕೆ ಅಂತ ಮುರಿದುಕೊಳ್ಳುವುದೂ ಅವರೇ. 2025-26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ಬೆಲೆ ಶೇ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಕಾಗದದ ಮೇಲೆ ಇದು ನಾವು ಕೇಳಿದ್ದಕ್ಕಿಂತ ಹೆಚ್ಚೇ! ಕಟಾವು ಸಾಗಾಣಿಕೆ ಮುರಿದ ಮೇಲೆ ಕೈಗೆ ಬರುವುದು ಬೇರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. ಈ ಬಡ್ಡಿ ಎಷ್ಟು ಜನ ಪಡೆದಿದ್ದೀರಿ, ಕೈ ಎತ್ತಿ. ಪಡೆಯಬೇಕಾದರೆ ಒಂದು ಊರಿನ ಎಲ್ಲ ಬೆಳೆಗಾರರ ತೂಕದ ಚೀಟಿ, ಬಿಲ್ಲು, ಬ್ಯಾಂಕಿಗೆ ಹಣ ಬಿದ್ದ ತಾರೀಖು ಒಂದು ಕಡೆ ಸೇರಬೇಕು. ಇದು ಬೇಜಾರಿನ ಕೆಲಸ. ಇದಕ್ಕೆ ಘೋಷಣೆ ಇಲ್ಲ, ಗುಲಾಲು ಇಲ್ಲ, ಇದರ ವಿಡಿಯೊ ಮಾಡಿದರೆ ಯಾರೂ ನೋಡುವುದಿಲ್ಲ. ಫೋನು ಕಲಿಸಿದ ಚಟ ಇದೇ. ನೋಡಲು ಚೆಂದ ಇರುವ ದಿನ ಎಲ್ಲರೂ ಇರುತ್ತಾರೆ, ಲೆಕ್ಕ ಹಾಕುವ ದಿನ ಯಾರೂ ಇರುವುದಿಲ್ಲ. ಕಾರ್ಖಾನೆಯವನು ಆ ಎರಡನೇ ದಿನಕ್ಕೇ ಕಾದಿರುತ್ತಾನೆ.

ಈಗ ನಾನು ಬರೆಯಬೇಕೆಂದು ಕೂತ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಸಾಲ.

ಎಂಬತ್ತರ ದಶಕದಲ್ಲಿ ವಸೂಲಿಗೆ ಬಂದವರು ಊರಿಗೆ ಬರುತ್ತಿದ್ದರು. ಬಾಗಿಲು ಕಿತ್ತರು, ಪಾತ್ರೆ ಹೊತ್ತರು, ಎತ್ತು ಬಿಚ್ಚಿದರು. ಘೋರವಾಗಿತ್ತು. ಆದರೆ ಊರಿನ ಕಣ್ಣೆದುರು ನಡೆಯುತ್ತಿತ್ತು. ಹರಾಜು ಕೂಗಬೇಕಾದರೂ ಚಾವಡಿ ಮುಂದೆಯೇ ಕೂಗಬೇಕು. ಊರಿಗೆ ಊರೇ ಸುತ್ತ ನಿಂತರೆ ಸವಾಲು ಕೂಗಲು ಯಾವನಿಗೂ ಬಾಯಿ ಬರುತ್ತಿರಲಿಲ್ಲ. ಜಪ್ತಿ ಮಾಡಿ ಒಯ್ದ ಸಾಮಾನನ್ನು ಸಂಘದವರು ಹೋಗಿ ವಾಪಸು ತಂದರು, ಅದಕ್ಕೆ ಮರುಜಪ್ತಿ ಅಂತ ಹೆಸರೇ ಬಿತ್ತು. ಬಾಕಿದಾರ ತಲೆ ತಗ್ಗಿಸಬೇಕಾಗಿಲ್ಲ, ಬೆಳೆಗೆ ಬೆಲೆ ಕೊಡದ ಸರ್ಕಾರವೇ ನಮಗೆ ಬಾಕಿದಾರ ಅಂತ ಪ್ರೊಫೆಸರ್ ನಂಜುಂಡಸ್ವಾಮಿಯವರ ಕಾಲದ ಸಂಘ ನಮಗೆ ಕಲಿಸಿದ್ದು ಪುಸ್ತಕದಿಂದಲ್ಲ. ಒಬ್ಬನ ಮನೆ ಮುಂದೆ ನೂರು ಜನ ನಿಂತು ಕಲಿಸಿತು.

ಈಗ ಜಪ್ತಿಯೇ ಕಣ್ಣಿಗೆ ಬೀಳುವುದಿಲ್ಲ. ಕಾಫಿ ಸೀಮೆಯನ್ನು ನೋಡಿ. 2002ರ ಸರ್ಫೇಸಿ ಕಾಯ್ದೆ ವ್ಯವಸಾಯದ ಜಮೀನಿಗೆ ಅನ್ವಯಿಸದು ಅಂತ ಅದೇ ಕಾಯ್ದೆಯ 31ನೇ ಕಲಮು ಹೇಳುತ್ತದೆ. ಆದರೂ ಕಾಫಿ ತೋಟಗಳನ್ನು ಅದರಡಿ ಇ-ಹರಾಜಿಗೆ ಹಾಕಿದರು. ಇ-ಹರಾಜು ಅಂದರೆ ಕಂಪ್ಯೂಟರಿನಲ್ಲಿ ನಡೆಯುವ ಸವಾಲು. ಕೂಗುವವನು ಯಾವ ಊರಿನಲ್ಲಿ ಕೂತಿದ್ದಾನೋ, ಅವನ ಮುಖ ಹೇಗಿದೆಯೋ. ಎಲ್ಲಿ ಹೋಗಿ ಸುತ್ತ ನಿಲ್ಲುತ್ತೀರಿ? ಇನ್ನು ಫೋನಿನಲ್ಲೇ ಸಾಲ ಕೊಡುವ ಆ್ಯಪುಗಳು ಬಂದವು. ಕಂತು ತಪ್ಪಿದರೆ ನಿಮ್ಮ ಫೋನಿನಲ್ಲಿರುವ ಬೀಗರಿಗೆ, ನಂಟರಿಗೆ ಕರೆ ಮಾಡಿ ಮಾನ ಕಳೆಯುತ್ತಾರೆ. ಜಪ್ತಿದಾರನನ್ನು ನಾವೇ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇವೆ. ಮೈಕ್ರೊ ಫೈನಾನ್ಸಿನವರ ಕಾಟಕ್ಕೆ ಜನ ಊರು ಬಿಟ್ಟು, ಜೀವ ಬಿಟ್ಟು, ಕಡೆಗೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ದೂರು ಕೊಡುವವನು ಬೇಕಲ್ಲ?

ನಮ್ಮ ಗ್ರೂಪಿನಲ್ಲಿ ಇದೆಲ್ಲ ಬರುತ್ತದೆಯೇ? ಗ್ರೂಪಿನಲ್ಲಿ ಶುಭೋದಯ ಬರುತ್ತದೆ, ದೇವರ ಪಟ ಬರುತ್ತದೆ, ಪಂಜಾಬಿನ ಟ್ರಾಕ್ಟರ್ ಬರುತ್ತದೆ, ಯೂರೋಪಿನ ರೈತರು ಬೀದಿಗೆ ಗೊಬ್ಬರ ಸುರಿದ ಚಿತ್ರವೂ ಬರುತ್ತದೆ. ‘ನನಗೆ ಬ್ಯಾಂಕಿನಿಂದ ನೋಟೀಸು ಬಂದಿದೆ’ ಅಂತ ಒಬ್ಬ, ಒಬ್ಬನೇ ಒಬ್ಬ ಬರೆದದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ಕಂಡಿರುವುದು ಏನೆಂದರೆ, ಒಂದು ಬೆಳಗ್ಗೆ ಅವನ ಫೋಟೊ ಬರುತ್ತದೆ, ಸುತ್ತ ಕಪ್ಪು ಅಂಚು, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ನೂರಾರು ಜನ ‘ಓಂ ಶಾಂತಿ’ ಅಂತ ಹಾಕುತ್ತಾರೆ. ಹಿಂದಿನ ದಿನದವರೆಗೂ ಅವನು ಅದೇ ಗ್ರೂಪಿನಲ್ಲಿ ಇದ್ದ. ಸಂಘದ ಫೋಟೊಗಳಿಗೆ ತಪ್ಪದೆ ಹೆಬ್ಬೆರಳು ಎತ್ತುತ್ತಿದ್ದ. ಅವನ ತೋಟದ ಬದು ನಮ್ಮಲ್ಲೊಬ್ಬನ ಬದುವಿಗೆ ಅಂಟಿಕೊಂಡಿತ್ತು.

ಯಾಕೆ ಬರೆಯಲಿಲ್ಲ? ಬರೆಯುವುದು ಹೇಗೆ ಹೇಳಿ. ಆ ಗ್ರೂಪಿನಲ್ಲಿ ಮೂವತ್ತು ಊರಿನವರಿದ್ದಾರೆ. ಸೊಸೈಟಿ ಕಾರ್ಯದರ್ಶಿ ಇದ್ದಾನೆ, ಗೊಬ್ಬರದಂಗಡಿಯವನು ಇದ್ದಾನೆ, ಕೈಸಾಲ ಕೊಟ್ಟವನೂ ಹಸಿರು ಶಾಲು ಹಾಕಿಕೊಂಡು ಅಲ್ಲೇ ಇದ್ದಾನೆ. ನಾಲ್ಕೆಕರೆ ಜಮೀನಿನ ಯಜಮಾನ, ಮಗಳಿಗೆ ಗಂಡು ಹುಡುಕುತ್ತಿರುವವನು, ಇವರೆಲ್ಲರ ಮುಂದೆ ಬಾಕಿ ಎಂದು ಬರೆದುಕೊಳ್ಳುತ್ತಾನೆಯೇ? ಕೆರೆ ಏರಿ ಮೇಲೆ ಇಬ್ಬರೇ ಕೂತು ಬೀಡಿ ಹಚ್ಚಿದಾಗ ಹೊರಬರುವ ಮಾತು ಅದು. ಎದುರಿಗಿದ್ದವನು ‘ಯಾಕೋ ಸೊರಗಿದ್ದೀಯ, ಏನಾಯ್ತೋ’ ಅಂತ ಕೇಳಿದ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುವ ಮಾತು. ಫೋನಿಗೆ ಮುಖ ಸೊರಗಿದ್ದು ಕಾಣುವುದಿಲ್ಲ. ಸಾವಿರ ಮೈಲಿ ಆಚೆಯ ರೈತನ ಕಷ್ಟ ಗೊತ್ತು, ಪಕ್ಕದ ಮನೆ ಒಲೆ ಹೊತ್ತಿಲ್ಲದ್ದು ಗೊತ್ತಿಲ್ಲ, ಇಂಥ ಚಳುವಳಿಗಾರರಾಗಿಬಿಟ್ಟಿದ್ದೇವೆ.

ಹೆಂಗಸರ ಮಾತು ಬಿಟ್ಟುಹೋಗಬಾರದು. ಮೈಕ್ರೊ ಫೈನಾನ್ಸಿನ ಸಾಲ ಬಹುಪಾಲು ಇರುವುದು ಮನೆಯ ಹೆಂಗಸರ ಹೆಸರಿನಲ್ಲಿ. ವಾರದ ಕಂತಿಗೆ ಬಾಗಿಲಲ್ಲಿ ನಿಲ್ಲುವವನ ಬಾಯಿ ಕೇಳುವವರು ಅವರು. ನಮ್ಮ ರೈತ ಗ್ರೂಪಿನಲ್ಲಿ ಹೆಂಗಸರ ನಂಬರು ಎಷ್ಟಿವೆ, ಎಣಿಸಿ ನೋಡಿ. ಪಹಣಿಯಲ್ಲಿ ಹೆಸರಿದ್ದವನೇ ರೈತ ಎಂಬ ಸರ್ಕಾರದ ಲೆಕ್ಕವನ್ನೇ ನಾವೂ ಫೋನಿನಲ್ಲಿ ಹಾಕಿಕೊಂಡಿದ್ದೇವೆ.

ಮುಖಂಡರಿಗೂ ಒಂದು ಮಾತು. ಹಿಂದೆ ಮುಖಂಡನಾಗಬೇಕಾದರೆ ಹತ್ತು ಸಲ ಠಾಣೆ ಮೆಟ್ಟಿಲು ಹತ್ತಬೇಕಿತ್ತು, ಊರವರ ಬೈಗುಳ ತಿನ್ನಬೇಕಿತ್ತು. ಈಗ ಶಾಲು ಹೊದ್ದು ಫೋನಿನ ಮುಂದೆ ಎರಡು ನಿಮಿಷ ಗುಡುಗಿದರೆ ಸಾಕು, ಸಂಜೆಯೊಳಗೆ ರಾಜ್ಯ ಮುಖಂಡ. ಒಂದೇ ತಾಲ್ಲೂಕಿನಲ್ಲಿ ಮೂರು ಬಣ, ಮೂರಕ್ಕೂ ಒಂದೊಂದು ಪುಟ, ಯಾರ ಪುಟಕ್ಕೆ ಎಷ್ಟು ಜನ ಎಂಬುದೇ ಪೈಪೋಟಿ. ಯಾವ ಊರಿನಿಂದ ಎಷ್ಟು ಗಂಟೆಗೆ ಯಾವ ಗಾಡಿ ಹೊರಡುತ್ತದೆ ಅಂತ ಹಿಂದಿನ ರಾತ್ರಿಯೇ ಹಾಕಿಬಿಡುತ್ತಾರೆ. ಓದುವವರಲ್ಲಿ ಠಾಣೆಯ ದಫೇದಾರರೂ ಇರುತ್ತಾರೆ, ಅವರಿಗೂ ಮೊಬೈಲು ಇದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲೇ ಇದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನು ಕೈಗಾರಿಕೆಗೆ ಹೋಗುತ್ತದೆಂದಾಗ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿತು. ಬಹುಪಾಲು ದಿನ ಅವರನ್ನು ಯಾವ ಕ್ಯಾಮೆರಾವೂ ನೋಡಲಿಲ್ಲ. 2025ರ ಜೂನ್ 25ರಂದು ಪೊಲೀಸರು ಅವರನ್ನು ಎಳೆದಾಡಿದ್ದು ಫೋನಿನಲ್ಲಿ ನಾಡಿಗೆಲ್ಲ ಕಂಡಿತು, ಬೆಂಬಲ ಹರಿಯಿತು, ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟೆವು ಎಂದರು. ಫೋನಿಗೆ ಮೂರು ವಾರದ ಪಾಲು ಇದೆ, ಕೊಡೋಣ. ಉಳಿದ ಮೂರು ವರ್ಷ ಚಾಪೆ ಮೇಲೆ ಕೂತವರದು.

ನಮ್ಮ ಹುಡುಗರು ಕೇಳುತ್ತಾರೆ, ‘ದೊಡ್ಡಪ್ಪ, ನಾವು ಬೆಂಗಳೂರಲ್ಲಿ ಕೆಲಸಕ್ಕಿದ್ದೀವಿ, ಧರಣಿಗೆ ಬರಕ್ಕಾಗಲ್ಲ, ಇಷ್ಟಾದ್ರೂ ಮಾಡ್ತೀವಲ್ಲ, ಅದೂ ಬೇಡ್ವಾ?’ ಬೇಕಪ್ಪ, ಖಂಡಿತ ಬೇಕು. ಆದರೆ ಫಾರ್ವರ್ಡ್ ಮಾಡುವುದಲ್ಲ. ನಿಮಗೆ ಇಂಗ್ಲಿಷು ಬರುತ್ತದೆ, ಕಂಪ್ಯೂಟರು ಬರುತ್ತದೆ. ನಮ್ಮ ತಾಲ್ಲೂಕಿನ ಯಾರ ಜಮೀನು ಇ-ಹರಾಜಿಗೆ ಬಿದ್ದಿದೆ ಅಂತ ವಾರಕ್ಕೊಮ್ಮೆ ಹುಡುಕಿ, ಗ್ರೂಪಿಗೆ ಹಾಕದೆ ಆ ಊರಿನ ಘಟಕದವನಿಗೆ ಗುಟ್ಟಾಗಿ ಕರೆ ಮಾಡಿ ಹೇಳಿ. ಊರಿನ ಕಬ್ಬಿನ ಬಿಲ್ಲುಗಳ ಫೋಟೊ ತರಿಸಿಕೊಂಡು 14 ದಿನದ ಬಡ್ಡಿ ಲೆಕ್ಕ ಹಾಕಿ ಕಾಗದ ಮಾಡಿ ಕೊಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆಯಿರಿ. ಇದನ್ನು ಮಾಡಿದವನು ಧರಣಿಗೆ ಬರದಿದ್ದರೂ ಅವನ ಹೆಸರು ಹಾಜರಿ ಪುಸ್ತಕದಲ್ಲಿ ಬರೆಯಲು ನಾನು ಸಿದ್ಧ.

ಹಾಜರಿ ಪುಸ್ತಕ ಅಂದೆ. ಪ್ರತಿ ಘಟಕವೂ ಅದನ್ನು ಮತ್ತೆ ತೆರೆಯಬೇಕು. ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ತಿಂಗಳಿಗೆ ಒಂದು ಸೋಮವಾರ ಸಂಜೆ ಅರಳಿಕಟ್ಟೆಯಲ್ಲಿ ಸೇರಿ. ಇಪ್ಪತ್ತು ಮನೆ ಬಂದರೂ ಸಾಕು, ಗಂಡಸು ಹೆಂಗಸು ಇಬ್ಬರೂ ಬರಲಿ. ಮನೆಗೆ ಇಪ್ಪತ್ತು ರೂಪಾಯಿ ವಂತಿಗೆ, ರಶೀದಿ ಸಮೇತ. ಸಾಲ ಕೊಟ್ಟವರನ್ನು, ಅಂಗಡಿಯವರನ್ನು ಆ ಹೊತ್ತಿಗೆ ಕರೆಯಬೇಡಿ. ಯಾರಿಗೆ ನೋಟೀಸು ಬಂದಿದೆ, ಯಾರ ಬಾಗಿಲಿಗೆ ವಸೂಲಿಯವನು ಬರುತ್ತಾನೆ, ಯಾವ ದಿನ ಬರುತ್ತಾನೆ ಎಂದು ಕೇಳಿ ಬರೆದುಕೊಳ್ಳಿ. ಆ ದಿನ ಆ ಬಾಗಿಲಲ್ಲಿ ನಿಲ್ಲುವ ಐದು ಜನರ ಹೆಸರನ್ನೂ ಅಲ್ಲೇ ಬರೆಯಿರಿ. ಮುಂದಿನ ಸಲ ಬೇರೆ ಐದು ಜನ.

ಯಾರೂ ಮೊದಲು ಬಾಯಿ ಬಿಡುವುದಿಲ್ಲ, ಅದು ಗೊತ್ತಿರುವುದೇ. ಆದ್ದರಿಂದ ಘಟಕದ ಅಧ್ಯಕ್ಷನೇ ಎದ್ದು ತನ್ನ ಸಾಲ ಸೊಸೈಟಿಯಲ್ಲಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ಕೈಗಡ ಎಷ್ಟು, ಹೆಂಡತಿಯ ಹೆಸರಿನಲ್ಲಿ ಎಷ್ಟು ಅಂತ ಮೊದಲು ಹೇಳಲಿ. ಅವನಾದ ಮೇಲೆ ಕಾರ್ಯದರ್ಶಿ, ಅವನಾದ ಮೇಲೆ ಖಜಾಂಚಿ. ಫೋನುಗಳನ್ನು ಆ ಒಂದು ಗಂಟೆ ಮನೆಯಲ್ಲೇ ಬಿಟ್ಟು ಬನ್ನಿ. ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ನು, ಕತ್ತಲಾದರೆ ಒಂದು ಬ್ಯಾಟರಿ ತಂದರೆ ಸಾಕು.